ಕ್ರೇಪ್ ಮರ್ಟಲ್ ನೆಡಬೇಕು ಅಂತಿದ್ದೀರಾ? ಮೊದಲು ಎತ್ತರ ನೋಡಿ, ಬಣ್ಣ ಆಮೇಲೆ

ಬಿಸಿಲು ನೆತ್ತಿ ಸುಡುವ ದಿನಗಳು. ತೋಟದ ಬೇರೆ ಗಿಡಗಳೆಲ್ಲ ಎಲೆ ಜೋಲು ಹಾಕಿಕೊಂಡು ನಿಂತಿರುತ್ತವೆ. ಅಂಥ ಹೊತ್ತಿನಲ್ಲಿ ಒಂದು ಮರ ಮಾತ್ರ ಪ್ರತಿ ಕೊಂಬೆಯ ತುದಿಯಲ್ಲೂ ಹೂವಿನ ಗೊಂಚಲು ಹೊತ್ತು ನಿಂತಿರುವುದನ್ನು ನೀವು ನೋಡಿರಬಹುದು. ಗುಲಾಬಿ, ನೇರಳೆ, ಬಿಳಿ, ಕಡುಕೆಂಪು. ಹತ್ತಿರ ಹೋಗಿ ಎಸಳು ಮುಟ್ಟಿದರೆ ಕ್ರೇಪ್ ಕಾಗದವನ್ನು ಮುದುರಿ ಬಿಡಿಸಿದ ಹಾಗೆ ಸುಕ್ಕುಸುಕ್ಕು. ಅದೇ ಕ್ರೇಪ್ ಮರ್ಟಲ್. ಹೆಸರಿನ ಮೊದಲರ್ಧ ಬಂದಿದ್ದೇ ಆ ಸುಕ್ಕಿನಿಂದ. ಉಳಿದರ್ಧ ನಂಬಬೇಡಿ, ಮರ್ಟಲ್ ಗಿಡಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ. ಇದು ದಾಳಿಂಬೆ, ಮದರಂಗಿಗಳ ಕುಟುಂಬದ ಗಿಡ. ದೊಡ್ಡ ಎಲೆ, ದೊಡ್ಡ ಹೂವಿನ ಹೊಳೆದಾಸವಾಳ ಇದೆಯಲ್ಲ, ಅದಕ್ಕೆ ಇದು ತಮ್ಮ ಇದ್ದ ಹಾಗೆ. ಎರಡೂ ಲ್ಯಾಗರ್‌ಸ್ಟ್ರೋಮಿಯಾ ಎಂಬ ಒಂದೇ ಗುಂಪಿಗೆ ಸೇರಿದವು. ಪೂರ್ವ ದೇಶಗಳಿಂದ ತನಗೆ ಗಿಡಗಳ ಮಾದರಿ ತರಿಸಿಕೊಡುತ್ತಿದ್ದ ಗೆಳೆಯ ಮ್ಯಾಗ್ನಸ್ ವಾನ್ ಲ್ಯಾಗರ್‌ಸ್ಟ್ರೋಮ್ ನೆನಪಿಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1759ರಲ್ಲಿ ಇಟ್ಟ ಹೆಸರು ಅದು.

ನಮ್ಮ ಮನೆಯಲ್ಲಿ ಇಂಥ ಎರಡು ಮರ ಇವೆ. ಒಂದೇ ದಿನ, ಒಂದೇ ನರ್ಸರಿಯಿಂದ ತಂದು ನೆಟ್ಟವು. ಒಂದನ್ನು ಕಿಟಕಿ ಪಕ್ಕ, ಗೋಡೆಯಿಂದ ಹೆಚ್ಚೆಂದರೆ ಒಂದು ಮೀಟರ್ ದೂರದಲ್ಲಿ ಹಾಕಿದೆವು. ಇನ್ನೊಂದು ಅಂಗಳದ ತೆರೆದ ಮೂಲೆಗೆ ಹೋಯಿತು. ತೆರೆದ ಮೂಲೆಯ ಮರಕ್ಕೆ ಇವತ್ತಿನವರೆಗೂ ಗರಗಸ ಮುಟ್ಟಿಸಿಲ್ಲ. ಕಿಟಕಿ ಪಕ್ಕದ್ದಕ್ಕೆ ಎಲೆ ಮೇಲೆ ಬಿಳಿ ಪುಡಿ ಕೂರುವ ಬೂದಿ ರೋಗ, ಅಂಟು, ಮುರಿದು ಜೋತ ಕೊಂಬೆ, ವರ್ಷಾವರ್ಷ ಕಡಿಯುವ ಕೆಲಸ, ಒಂದಾ ಎರಡಾ. ಗಿಡ ಒಂದೇ, ಮಣ್ಣೂ ಒಂದೇ. ಅದಕ್ಕೇ ಹೇಳುತ್ತೇನೆ, ಈ ಮರದ ಬಗ್ಗೆ ಕೇಳಿಬರುವ ದೂರುಗಳಲ್ಲಿ ಮುಕ್ಕಾಲು ಪಾಲು ನೆಟ್ಟ ದಿನವೇ ಹುಟ್ಟಿದ ದೂರುಗಳು. ಒಳ್ಳೆಯದು ಕೆಟ್ಟದ್ದು ಎರಡೂ ಹೇಳ್ತೀನಿ, ಆದರೆ ಇದನ್ನು ಮಾತ್ರ ತಲೆಯಲ್ಲಿ ಇಟ್ಟುಕೊಂಡು ಓದಿ.

ಯಾಕೆ ಇಷ್ಟವಾಗುತ್ತದೆ

ಹೂವು ಬಿಡುವ ಕಾಲ ತುಂಬಾ ಉದ್ದ. ಚೀನಾದಲ್ಲಿ ಇದಕ್ಕೆ 'ನೂರು ದಿನದ ಕೆಂಪು' ಅಂತ ಒಂದು ಹೆಸರಿದೆ, ಅದು ಉತ್ಪ್ರೇಕ್ಷೆ ಏನಲ್ಲ. ಬಿಡಿ ಹೂವು ಬೇಗ ಉದುರಿದರೂ ಗೊಂಚಲಿನಲ್ಲಿ ಮೊಗ್ಗು ಒಂದರ ಹಿಂದೆ ಒಂದು ಬಿರಿಯುತ್ತಲೇ ಇರುತ್ತವೆ. ಹೊಸ ಚಿಗುರಿನ ತುದಿಯಲ್ಲಿ ಹೂ ಬಿಡುವ ಗಿಡವಾದ್ದರಿಂದ, ಬಾಡಿದ ಗೊಂಚಲನ್ನು ಕಾಯಿ ಕಟ್ಟುವ ಮೊದಲೇ ಕತ್ತರಿಸಿದರೆ ಕೆಲವು ವಾರಗಳಲ್ಲಿ ಎರಡನೇ ಸುತ್ತು ಹೂ ಬರುತ್ತದೆ. ಮೊದಲ ಸುತ್ತಿನಷ್ಟು ದಟ್ಟ ಇರುವುದಿಲ್ಲ, ಆದರೂ ಖುಷಿಯಾಗುತ್ತದೆ.

ತೊಗಟೆಯ ಬಗ್ಗೆ ಜನ ಅಷ್ಟಾಗಿ ಮಾತಾಡುವುದಿಲ್ಲ. ನನಗೆ ಹೂವಿಗಿಂತ ಅದೇ ಇಷ್ಟ. ಮರಕ್ಕೆ ಕೆಲವು ವರ್ಷ ತುಂಬಿದ ಮೇಲೆ ಹಳೆಯ ತೊಗಟೆ ತೆಳುವಾದ ಹಾಳೆಗಳಾಗಿ ಸುಲಿದು ಬೀಳುತ್ತದೆ. ಒಳಗಿಂದ ನಯವಾದ ಮೈ ಕಾಣಿಸುತ್ತದೆ. ಒಂದು ಕಡೆ ಬೂದು, ಇನ್ನೊಂದು ಕಡೆ ಕೆನೆ ಬಣ್ಣ, ಕೆಲವು ತಳಿಗಳಲ್ಲಿ ದಾಲ್ಚಿನ್ನಿಯ ಕೆಂಗಂದು. ಎಲೆ ಉದುರಿದ ಕಾಲದಲ್ಲಿ, ತೋಟದಲ್ಲಿ ನೋಡಲು ಏನೂ ಇಲ್ಲದ ಹೊತ್ತಿನಲ್ಲಿ, ಈ ಬೋಳು ಕಾಂಡಗಳು ಚಂದ ಕಾಣುತ್ತವೆ. ಜಪಾನಿನವರು ಇದನ್ನು 'ಮಂಗ ಜಾರುವ ಮರ' ಅಂತ ಕರೆಯುತ್ತಾರೆ, ಅಷ್ಟು ನುಣುಪು. ಚೀನಾದಲ್ಲಿ ಇನ್ನೊಂದು ಹೆಸರು 'ಕಚಗುಳಿ ಮರ'. ಕಾಂಡವನ್ನು ಉಗುರಿನಿಂದ ಮೆಲ್ಲಗೆ ಕೆರೆದರೆ ಮೇಲಿನ ಎಲೆಗಳು ನಡುಗುತ್ತವೆ ಅನ್ನುವ ನಂಬಿಕೆ ಅಲ್ಲಿಯದು. ಮಕ್ಕಳಿಗೆ ಹೇಳಿ ನೋಡಿ, ಮರದ ಹತ್ತಿರದಿಂದ ಕದಲುವುದಿಲ್ಲ.

ತಂಪು ಪ್ರದೇಶವಾದರೆ ಎಲೆ ಉದುರುವ ಮೊದಲು ಹಳದಿ, ಕಿತ್ತಳೆ, ಕೆಂಪಿಗೆ ತಿರುಗುತ್ತವೆ. ಬೆಚ್ಚಗಿನ ಜಾಗದಲ್ಲಿ ಈ ಬಣ್ಣ ಅಷ್ಟಾಗಿ ಬರುವುದಿಲ್ಲ, ಅದನ್ನು ನಂಬಿಕೊಂಡು ನೆಡಬೇಡಿ.

ಬರ ತಡೆಯುವ ಶಕ್ತಿ ಚೆನ್ನಾಗಿದೆ. ಬೇರು ಕೂರುವವರೆಗೆ ನೀರು ಬೇಕು, ಆಮೇಲೆ ಸ್ವಲ್ಪ ಮರೆತರೂ ಸಾಯುವುದಿಲ್ಲ. ಬೇರುಗಳು ನೆಲದ ಮೇಲ್ಪದರದಲ್ಲಿ ಸಣ್ಣ ಎಳೆಗಳಾಗಿ ಹರಡುತ್ತವೆ, ಅಡಿಪಾಯ ಎಬ್ಬಿಸುವಂಥ ದಪ್ಪ ಬೇರು ಬಿಡುವ ಸ್ವಭಾವ ಇದರದ್ದಲ್ಲ. ಚಿಕ್ಕ ಅಂಗಳ ಇರುವವರಿಗೆ ಇದು ದೊಡ್ಡ ಸಮಾಧಾನ. ನಾಯಿ, ಬೆಕ್ಕು ಇರುವ ಮನೆಯಾದರೂ ಚಿಂತೆ ಬೇಡ, ಪ್ರಾಣಿಗಳಿಗೆ ವಿಷವಲ್ಲದ ಗಿಡಗಳ ಪಟ್ಟಿಯಲ್ಲಿ ಇದೂ ಸೇರಿದೆ.

ಜೇನ್ನೊಣ ಬರುತ್ತವೆ, ಆದರೆ ಮಕರಂದಕ್ಕಲ್ಲ. ಈ ಹೂವಿನಲ್ಲಿ ಮಕರಂದವೇ ಇಲ್ಲ. ಹೂವಿನ ನಡುವೆ ಹಳದಿ ಬಣ್ಣದ ಗಿಡ್ಡ ಕೇಸರಗಳ ಗುಂಪು ಇರುತ್ತದೆ, ಅದು ನೊಣಕ್ಕೆ ಕೊಡುವ ಊಟ. ಹೊರಗೆ ಬಾಗಿದ ಆರು ಉದ್ದನೆಯ ಕೇಸರಗಳು ಇರುತ್ತವೆ. ನೊಣ ನಡುವಿನ ಪರಾಗ ತಿನ್ನುವುದರಲ್ಲಿ ಮುಳುಗಿದ್ದಾಗ ಇವು ಅದರ ಮೈಗೆ ತಮ್ಮ ಪರಾಗ ಸವರಿ ಕಳಿಸುತ್ತವೆ. ಒಂದು ಹೂ ಕೈಯಲ್ಲಿ ಹಿಡಿದು ನೋಡಿದರೆ ಎರಡೂ ಬಗೆ ಬರಿಗಣ್ಣಿಗೇ ಕಾಣುತ್ತವೆ. ಔಷಧಿ ಹೊಡೆಯುವ ವಿಷಯ ಬಂದಾಗ ಈ ನೊಣಗಳ ಮಾತು ಮತ್ತೆ ಬರುತ್ತದೆ.

ಏನು ಕಿರಿಕಿರಿ

ಕಸ ಬೀಳುತ್ತದೆ. ಇದನ್ನು ಮುಚ್ಚಿಟ್ಟು ಗಿಡ ಮಾರುವವರು ಜಾಸ್ತಿ, ಹಾಗಾಗಿ ನೇರ ಹೇಳಿಬಿಡುತ್ತೇನೆ. ಹೂವಿನ ಕಾಲದಲ್ಲಿ ಎಸಳು, ಆಮೇಲೆ ಎಲೆ, ಆಮೇಲೆ ಒಣಗಿ ಬಾಯಿ ಬಿಟ್ಟ ಕಂದು ಕಾಯಿಗಳು, ನಡುನಡುವೆ ತೊಗಟೆ. ಮಣ್ಣಿನ ಮೇಲೆ ಬಿದ್ದರೆ ಅದೇ ಗೊಬ್ಬರ. ಟೈಲ್ಸ್ ಮೇಲೆ, ನೀರಿನ ತೊಟ್ಟಿಯ ಮೇಲೆ, ಕಾರಿನ ಮೇಲೆ ಬಿದ್ದರೆ ದಿನಾ ಗುಡಿಸುವ ಕೆಲಸ. ಒದ್ದೆ ಎಸಳು ಕಲ್ಲಿಗೆ ಅಂಟಿ ಕಲೆಯನ್ನೂ ಬಿಡುತ್ತದೆ.

ಸಸ್ಯಹೇನು ಹತ್ತಿದರೆ ಮರದ ಕೆಳಗೆಲ್ಲ ಅಂಟಂಟು. ಹೇನು ಎಲೆಯ ರಸ ಹೀರಿ ಸಿಹಿ ದ್ರವ ಸುರಿಸುತ್ತದೆ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆಗೆ ಮಸಿ ಬಳಿದ ಹಾಗೆ ಕಾಣುತ್ತದೆ. ಕೆಳಗೆ ಗಾಡಿ ನಿಲ್ಲಿಸಿದ್ದರೆ ಗಾಜು, ಬಾನೆಟ್ ಎಲ್ಲ ಜಿಗುಟು. ಗಾಡಿ ನಿಲ್ಲಿಸುವ ಜಾಗದ ಮೇಲೆ ಈ ಮರದ ನೆರಳು ಬೇಡವೇ ಬೇಡ.

ಬುಡದಿಂದ ಚಿಗುರು ಏಳುತ್ತಲೇ ಇರುತ್ತವೆ. ಕೀಳದಿದ್ದರೆ ಎರಡು ಮೂರು ವರ್ಷದಲ್ಲಿ ಮರ ಹೋಗಿ ಪೊದೆ ಆಗುತ್ತದೆ. ಬೇರಿಗೆ ಗುದ್ದಲಿ ತಾಗಿದರೆ ಅಲ್ಲಿಂದಲೂ ಒಂದು ಎದ್ದೇಳುತ್ತದೆ.

ಇನ್ನೊಂದು, ಚಳಿ ಮುಗಿದ ಮೇಲೆ ಇದು ತಡವಾಗಿ ಚಿಗುರುತ್ತದೆ. ಪಕ್ಕದ ಗಿಡಗಳೆಲ್ಲ ಹಸಿರಾದ ಮೇಲೂ ಇದು ಒಣಕಲು ಕೋಲಿನ ಹಾಗೆ ನಿಂತಿರುತ್ತದೆ. ಸತ್ತೇ ಹೋಯಿತು ಅಂತ ಕಿತ್ತು ಎಸೆದವರೂ ಇದ್ದಾರೆ. ಹಾಗೆ ಮಾಡುವ ಮೊದಲು ಸಣ್ಣ ಕೊಂಬೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ, ಕಾಯಿರಿ. ಮೇಲಿನ ಭಾಗ ನಿಜಕ್ಕೂ ಸತ್ತಿದ್ದರೂ ಬೇರಿನಿಂದ ಮತ್ತೆ ಬರುವ ಸಾಧ್ಯತೆ ಇರುತ್ತದೆ. ಸಾಮಾನ್ಯ ತಳಿಗಳು ಮೈನಸ್ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಚಳಿಯನ್ನೂ ತಡೆಯುತ್ತವೆ, ಅದಕ್ಕಿಂತ ಕೆಳಗಿಳಿದರೆ ನೆಲದ ಮಟ್ಟದವರೆಗೆ ಸುಟ್ಟುಹೋಗಿ ಮತ್ತೆ ಚಿಗುರುವುದು ಇದರ ಅಭ್ಯಾಸ.

ವರ್ಷವಿಡೀ ದಟ್ಟ ಮರೆ ಬೇಕು, ಪಕ್ಕದ ಮನೆ ಕಾಣಬಾರದು ಅನ್ನುವವರಿಗೂ ಇದು ಸರಿಯಾದ ಮರ ಅಲ್ಲ. ಎಲೆ ಉದುರಿದ ಮೇಲೆ ಎಲ್ಲ ಬಟಾಬಯಲು.

ತಳಿ ಆರಿಸುವಾಗ

ನರ್ಸರಿಗೆ ಹೋದರೆ ಕಣ್ಣು ನೇರ ಬಣ್ಣಕ್ಕೆ ಹೋಗುತ್ತದೆ. ಸಹಜ. ಆದರೆ ಅಲ್ಲಿ ಮೊಣಕಾಲೆತ್ತರ ಇರುವ ಎರಡು ಸಸಿಗಳಲ್ಲಿ ಒಂದು ಸೊಂಟದೆತ್ತರಕ್ಕೆ ನಿಲ್ಲುವಂಥದ್ದು, ಇನ್ನೊಂದು ಎರಡು ಮಹಡಿ ಏರುವಂಥದ್ದು ಇರಬಹುದು. ನೋಡಿದರೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಮೊದಲ ಪ್ರಶ್ನೆ 'ಪೂರ್ತಿ ಬೆಳೆದರೆ ಎಷ್ಟು ಎತ್ತರ, ಎಷ್ಟು ಅಗಲ' ಅನ್ನುವುದೇ ಇರಲಿ. ತಳಿಯ ಹೆಸರು ಕೇಳಿ. ಹೆಸರು ಗೊತ್ತಿಲ್ಲದ ಸಸಿಯಾದರೆ ದೊಡ್ಡದಾಗುತ್ತದೆ ಅಂತಲೇ ಲೆಕ್ಕ ಹಾಕಿ ಜಾಗ ಕೊಡಿ. ನಾವು ಕೇಳಲಿಲ್ಲ. ಕಿಟಕಿ ಪಕ್ಕದ ಮರದ ಕಥೆ ಶುರುವಾಗಿದ್ದು ಅಲ್ಲಿಂದ.

ಇವತ್ತು ಸಿಗುವ ಒಳ್ಳೆಯ ತಳಿಗಳ ಹಿಂದೆ ಒಂದು ಸಂಗತಿ ಇದೆ. 1956ರಲ್ಲಿ ಜಾನ್ ಕ್ರೀಚ್ ಎಂಬ ಗಿಡ ಸಂಗ್ರಾಹಕ ಜಪಾನಿನ ಯಾಕುಷಿಮಾ ದ್ವೀಪದಿಂದ ಲ್ಯಾಗರ್‌ಸ್ಟ್ರೋಮಿಯಾ ಫೌರಿಯೈ ಎಂಬ ಇನ್ನೊಂದು ಜಾತಿಯ ಬೀಜ ತಂದರು. ಅದಕ್ಕೆ ಬಿಳಿ ಹೂ, ಚಂದದ ತೊಗಟೆ, ಎಲ್ಲಕ್ಕಿಂತ ಮುಖ್ಯವಾಗಿ ಬೂದಿ ರೋಗ ತಡೆಯುವ ಗುಣ. ಅಮೆರಿಕದ ನ್ಯಾಷನಲ್ ಆರ್ಬೊರೇಟಂ ಎಂಬ ವೃಕ್ಷೋದ್ಯಾನದಲ್ಲಿ ಡೊನಾಲ್ಡ್ ಈಗೋಲ್ಫ್ ಎಂಬ ತಳಿ ತಜ್ಞ ಅದನ್ನು ನಮ್ಮ ಮಾಮೂಲಿ ಕ್ರೇಪ್ ಮರ್ಟಲ್, ಅಂದರೆ ಲ್ಯಾಗರ್‌ಸ್ಟ್ರೋಮಿಯಾ ಇಂಡಿಕಾ ಜೊತೆ ಕೂಡಿಸಿ ಹೊಸ ತಳಿಗಳ ಸಾಲನ್ನೇ ಕೊಟ್ಟರು. ಅವುಗಳಿಗೆ ಅಮೆರಿಕದ ಮೂಲನಿವಾಸಿ ಬುಡಕಟ್ಟುಗಳ ಹೆಸರಿಟ್ಟರು. ನ್ಯಾಚೆಜ್, ಮಸ್ಕೋಗಿ 1978ರಲ್ಲಿ ಹೊರಬಂದವು. ಹಾಗಾಗಿ ಸಸಿಯ ಚೀಟಿಯಲ್ಲಿ ಇಂಥ ಹೆಸರು ಕಂಡರೆ ಸಾಮಾನ್ಯವಾಗಿ ಬೂದಿ ರೋಗದ ಕಾಟ ಕಡಿಮೆ ಅಂತ ತಿಳಿಯಿರಿ.

ಅಳತೆಯ ಅಂದಾಜು ಹೀಗಿದೆ. ನ್ಯಾಚೆಜ್ ಬಿಳಿ ಹೂವಿನದು, 6ರಿಂದ 9 ಮೀಟರ್ ಏರುತ್ತದೆ, ತೊಗಟೆ ಎಲ್ಲಕ್ಕಿಂತ ಚಂದ. ಮಸ್ಕೋಗಿ ತಿಳಿನೇರಳೆ, ಅದೂ ದೊಡ್ಡದೇ. ಟಸ್ಕರೋರಾ ಹವಳದ ಗುಲಾಬಿ, 5 ಮೀಟರ್ ಆಸುಪಾಸು. ಅಕೋಮಾ, ಟೊಂಟೊ, ಜೂನಿ ಇವೆಲ್ಲ 3 ಮೀಟರ್ ಹತ್ತಿರ ನಿಲ್ಲುತ್ತವೆ, ಮನೆಯಂಗಳಕ್ಕೆ ನನ್ನ ಮೊದಲ ಆಯ್ಕೆ ಇಂಥವೇ. ಚಿಕಸಾ, ಪೊಕೊಮೋಕ್ ಒಂದು ಮೀಟರ್ ಕೂಡ ದಾಟುವುದಿಲ್ಲ, ಕುಂಡಕ್ಕೆ ಸರಿ. ಕಪ್ಪು ಎಲೆಯ ತಳಿಗಳೂ ಬಂದಿವೆ. ಕೆಂಪು ಹೂ, ಕಪ್ಪು ಎಲೆ ಜೋಡಿ ನೋಡಲು ಬಹಳ ಚೆಂದ, ಆದರೆ ಬಿಸಿಲು ಕಮ್ಮಿ ಆದರೆ ಎಲೆಯ ಬಣ್ಣ ಹಸಿರಿಗೆ ತಿರುಗುತ್ತದೆ.

ಸಾಧ್ಯವಾದರೆ ಹೂ ಬಿಟ್ಟಿರುವ ಕಾಲದಲ್ಲೇ ಹೋಗಿ ಕೊಳ್ಳಿ. ಚೀಟಿಯಲ್ಲಿನ ಬಣ್ಣ ಒಂದು, ಮನೆಗೆ ಬಂದ ಮೇಲೆ ಬಿಟ್ಟ ಬಣ್ಣ ಇನ್ನೊಂದು ಆಗುವುದುಂಟು.

ಜಾಗ ಮತ್ತು ನೆಡುವ ಬಗೆ

ಬಿಸಿಲಿನಲ್ಲಿ ರಾಜಿ ಇಲ್ಲ. ದಿನಕ್ಕೆ ಕಡಿಮೆ ಅಂದರೂ 6 ಗಂಟೆ ನೇರ ಬಿಸಿಲು ಬೀಳಬೇಕು. ನೆರಳಿನಲ್ಲಿ ಇದು ಬದುಕುತ್ತದೆ, ಆದರೆ ಹೂ ಬಿಡುವುದಿಲ್ಲ, ಕೊಂಬೆ ಸೊರಗಿ ಉದ್ದವಾಗುತ್ತದೆ, ಎಲೆಗೆ ಬೂದಿ ಹಿಡಿಯುತ್ತದೆ. 'ನಮ್ಮ ಗಿಡ ಹೂವೇ ಬಿಡ್ತಿಲ್ಲ' ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಬಿಸಿಲಿನ ಬಗ್ಗೆ, ಆಮೇಲೆ ಗೊಬ್ಬರದ ಬಗ್ಗೆ. ಇವೆರಡರಲ್ಲೇ ಹೆಚ್ಚಿನ ಸಲ ಉತ್ತರ ಸಿಗುತ್ತದೆ. ಗಾಳಿಯೂ ಆಡಬೇಕು. ಗೋಡೆ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡ ಮರದ ಎಲೆ ಬೇಗ ಒಣಗುವುದಿಲ್ಲ, ರೋಗಕ್ಕೆ ಅದೇ ಬೇಕಾಗಿರುವುದು.

ದೂರದ ಲೆಕ್ಕ ಸುಲಭ. ಪೂರ್ತಿ ಬೆಳೆದಾಗಿನ ಅಗಲದ ಅರ್ಧದಷ್ಟು, ಅದರ ಮೇಲೆ ಇನ್ನೊಂದು ಅರ್ಧ ಮೀಟರ್ ಸೇರಿಸಿ ಗೋಡೆಯಿಂದ ದೂರ ಬಿಡಿ. 4 ಮೀಟರ್ ಹರಡುವ ಮರಕ್ಕೆ ಎರಡೂವರೆ ಮೀಟರ್ ಆಯಿತು. ಮೇಲೆ ವಿದ್ಯುತ್ ತಂತಿ ಇದೆಯಾ ಅಂತ ಒಮ್ಮೆ ತಲೆ ಎತ್ತಿ ನೋಡಿ. ನಾನು ಈಗ ಯಾವ ಸಸಿ ನೆಡುವಾಗಲೂ ಮೊದಲು ಒಂದು ಕೋಲು ನೆಟ್ಟು, ಹಗ್ಗ ಕಟ್ಟಿ, ನೆಲದ ಮೇಲೆ ಪೂರ್ತಿ ಅಗಲದ ವೃತ್ತ ಎಳೆದು ಅದರೊಳಗೆ ನಿಂತು ನೋಡುತ್ತೇನೆ. ಐದು ನಿಮಿಷದ ಕೆಲಸ. ಆ ವೃತ್ತ ಕಿಟಕಿಗೆ, ದಾರಿಗೆ, ಗಾಡಿ ನಿಲ್ಲುವ ಜಾಗಕ್ಕೆ ತಾಗಿದರೆ ಅಲ್ಲಿ ನೆಡುವುದು ಬೇಡ, ಇಲ್ಲವೇ ಚಿಕ್ಕ ತಳಿ ತನ್ನಿ.

ಮಣ್ಣು ಹೇಗಿದ್ದರೂ ಹೊಂದಿಕೊಳ್ಳುತ್ತದೆ, ನೀರು ನಿಲ್ಲಬಾರದು ಅಷ್ಟೆ. ಸ್ವಲ್ಪ ಹುಳಿ ಮಣ್ಣು, ಅಂದರೆ ಪಿಎಚ್ 5ರಿಂದ 6.5 ಇದ್ದರೆ ಚೆನ್ನ. ಸುಣ್ಣದ ಅಂಶ ಜಾಸ್ತಿ ಇರುವ ಮಣ್ಣಿನಲ್ಲಿ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ.

ಗುಂಡಿ ಅಗಲವಾಗಿರಲಿ, ಆಳ ಬೇಡ. ಬೇರಿನ ಮುದ್ದೆಯ ಎರಡರಿಂದ ಮೂರು ಪಟ್ಟು ಅಗಲ, ಆಳ ಮುದ್ದೆಯಷ್ಟೇ. ಕಾಂಡ ಅಗಲವಾಗಿ ಬೇರಿಗೆ ಇಳಿಯುವ ಜಾಗ ನೆಲಮಟ್ಟಕ್ಕೆ ಕಾಣುತ್ತಿರಬೇಕು, ಅದನ್ನು ಮಣ್ಣಿನಲ್ಲಿ ಹೂಳಿದರೆ ಮರ ವರ್ಷಗಟ್ಟಲೆ ಕೊರಗುತ್ತದೆ. ಕುಂಡದಿಂದ ತೆಗೆದಾಗ ಬೇರು ಸುತ್ತಿಕೊಂಡಿದ್ದರೆ ಬೆರಳಿನಿಂದ ಬಿಡಿಸಿ, ಬಿಡದಿದ್ದರೆ ಚಾಕುವಿನಿಂದ ಮೂರು ನಾಲ್ಕು ಕಡೆ ಉದ್ದಕ್ಕೆ ಗೀರಿ. ತೆಗೆದ ಮಣ್ಣನ್ನೇ ವಾಪಸ್ ತುಂಬಿ. ಗುಂಡಿಗೆ ಮಾತ್ರ ತುಂಬ ಗೊಬ್ಬರ ಸುರಿದರೆ ಬೇರು ಆ ಮೆತ್ತನೆ ಜಾಗ ಬಿಟ್ಟು ಹೊರಗೆ ಹೋಗಲು ಮನಸ್ಸು ಮಾಡುವುದಿಲ್ಲ. ಸುತ್ತ ಪಾತಿ ಕಟ್ಟಿ, ನಿಧಾನವಾಗಿ ನೀರು ಇಂಗಿಸಿ, ಮೇಲೆ 5ರಿಂದ 8 ಸೆಂಟಿಮೀಟರ್ ಒಣಗಿದ ಎಲೆ ಹೊದಿಸಿ. ಆ ಹೊದಿಕೆ ಕಾಂಡಕ್ಕೆ ತಾಗದೆ ಒಂದು ಗೇಣು ದೂರ ಇರಲಿ.

ಮೊದಲ ವರ್ಷ ವಾರಕ್ಕೆ ಒಂದೆರಡು ಸಲ ಆಳಕ್ಕೆ ಇಳಿಯುವಷ್ಟು ನೀರು ಕೊಡಿ. ದಿನಾ ಚೂರುಚೂರು ಚಿಮುಕಿಸುವುದರಿಂದ ಬೇರು ಮೇಲೆಯೇ ಉಳಿಯುತ್ತದೆ. ನೀರು ಬುಡಕ್ಕೆ ಹೋಗಲಿ, ಸಂಜೆ ಹೊತ್ತು ಎಲೆ ತೋಯಿಸಬೇಡಿ. ಎರಡನೇ ವರ್ಷದಿಂದ ಮಣ್ಣು ನೋಡಿ ಕೊಟ್ಟರೆ ಸಾಕು.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಇರಲಿ. ಚಿಗುರು ಶುರುವಾಗುವಾಗ ಒಂದು ಪದರ ಹಳೆಯ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಹಾಕಿದರೆ ನೆಲದಲ್ಲಿರುವ ಮರಕ್ಕೆ ಬೇರೇನೂ ಬೇಕಾಗುವುದಿಲ್ಲ. ಸಾರಜನಕ ಜಾಸ್ತಿ ಆದರೆ ಎಲೆ ಸೊಂಪಾಗಿ ಬೆಳೆದು ಹೂ ಹಿಂದೆ ಬೀಳುತ್ತದೆ, ಎಳೆ ಚಿಗುರಿಗೆ ಹೇನು ಮುತ್ತುತ್ತದೆ. ಪಕ್ಕದ ಹುಲ್ಲುಹಾಸಿಗೆ ಹಾಕಿದ ಗೊಬ್ಬರವನ್ನೂ ಇದರ ಬೇರು ಹೀರುತ್ತದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ.

ಸವರುವುದು, ಮತ್ತು ಸವರದೆ ಬಿಡುವುದು

ಈ ಮರಕ್ಕೆ ಅತಿ ಹೆಚ್ಚು ಅನ್ಯಾಯ ಆಗುವುದು ಇಲ್ಲಿ. ಎಲೆ ಉದುರಿದ ಮೇಲೆ ದಪ್ಪ ದಪ್ಪ ಕೊಂಬೆಗಳನ್ನೆಲ್ಲ ಒಂದೇ ಎತ್ತರಕ್ಕೆ ಕಡಿದು ಗೂಟ ನಿಲ್ಲಿಸಿಬಿಡುತ್ತಾರೆ. ಹೀಗೆ ಕಡಿದರೆ ಹೂ ಜಾಸ್ತಿ ಬರುತ್ತದೆ ಅಂತ ಒಬ್ಬರಿಂದ ಒಬ್ಬರಿಗೆ ಮಾತು ಹರಡಿದೆ. ಹೊಸ ಚಿಗುರಿನಲ್ಲಿ ಹೂ ಬರುವುದು ನಿಜ, ಆದ್ದರಿಂದ ಮಾತು ಸರಿ ಅನ್ನಿಸುತ್ತದೆ. ಆದರೆ ಕಡಿಯದಿದ್ದರೂ ಪ್ರತಿ ಕೊಂಬೆಯ ತುದಿಯಲ್ಲಿ ಹೊಸ ಚಿಗುರು ಬಂದೇ ಬರುತ್ತದಲ್ಲ!

ಕಡಿದಾಗ ಏನಾಗುತ್ತದೆ ನೋಡಿ. ಗೂಟದ ತುದಿಯಿಂದ ಹತ್ತಾರು ತೆಳು ಚಿಗುರು ಒಟ್ಟಿಗೆ ಚಿಮ್ಮುತ್ತವೆ. ಗೊಂಚಲು ದೊಡ್ಡದೇ ಬರುತ್ತದೆ, ಕೊಂಬೆಗೆ ಹೊರುವ ಬಲ ಇರುವುದಿಲ್ಲ. ಒಂದು ಮಳೆ ಬಂದರೆ ಹೂವೆಲ್ಲ ನೆಲ ಮುಟ್ಟುತ್ತದೆ. ಹೂ ಬಿಡುವುದೂ ತಡ, ಏಕೆಂದರೆ ಮರ ಮೊದಲು ಕಳೆದುಕೊಂಡ ಎತ್ತರವನ್ನು ಮರಳಿ ಕಟ್ಟಬೇಕು. ಮರುವರ್ಷ ಅದೇ ಜಾಗದಲ್ಲಿ ಕಡಿಯುತ್ತಾರೆ, ಅಲ್ಲಿ ಮುಷ್ಟಿಯಂಥ ಗಂಟು ಬೆಳೆಯುತ್ತದೆ. ಬುಡದ ಚಿಗುರು ಹೆಚ್ಚುತ್ತದೆ. ಒಳಗೆ ಗಾಳಿ ಆಡದಷ್ಟು ದಟ್ಟವಾಗಿ ಬೂದಿ ರೋಗ, ಹೇನು ಎರಡೂ ಸೇರಿಕೊಳ್ಳುತ್ತವೆ. ಆ ಸುಲಿಯುವ ಚಂದದ ತೊಗಟೆ ದಪ್ಪ ಕಾಂಡಗಳಲ್ಲಿ ಮಾತ್ರ ಬರುವಂಥದ್ದು, ಕೊಂಬೆಗಳು ಹಳತಾಗಲು ಬಿಡದೆ ಇದ್ದರೆ ಅದು ಮೇಲಿನವರೆಗೆ ಕಾಣಿಸುವುದೇ ಇಲ್ಲ. ನಾವು ನಾಲ್ಕು ವರ್ಷ ಹೀಗೇ ಮಾಡಿದೆವು. ಕೆಟ್ಟ ಮನಸ್ಸಿನಿಂದಲ್ಲ, ಕಿಟಕಿ ಮುಚ್ಚುತ್ತಿತ್ತು, ಬೇರೆ ದಾರಿ ಗೊತ್ತಿರಲಿಲ್ಲ.

ಹಾಗಾದರೆ ಏನು ತೆಗೆಯಬೇಕು? ಚಳಿ ಮುಗಿಯುವ ಹೊತ್ತಿಗೆ, ಚಿಗುರೊಡೆಯುವ ಮುಂಚೆ, ಮರದ ಸುತ್ತ ಒಮ್ಮೆ ನಡೆದು ನೋಡಿ. ಒಣಗಿದ್ದು, ಮುರಿದಿದ್ದು, ಒಂದಕ್ಕೊಂದು ಉಜ್ಜುತ್ತಿರುವುದು, ಒಳಮುಖವಾಗಿ ಬೆಳೆದಿದ್ದು, ಬುಡದಿಂದ ಎದ್ದ ಚಿಗುರು. ಇಷ್ಟೇ. ಹೆಬ್ಬೆರಳಿಗಿಂತ ದಪ್ಪದ್ದಕ್ಕೆ ಕೈ ಹಾಕುವ ಮುಂಚೆ ಎರಡು ಸಲ ಯೋಚನೆ ಮಾಡಿ, ತೆಗೆಯಲೇಬೇಕು ಅಂದರೆ ಅದು ಹುಟ್ಟಿದ ಕವಲಿನವರೆಗೆ ಪೂರ್ತಿ ತೆಗೆಯಿರಿ, ಅರ್ಧಕ್ಕೆ ಗೂಟ ಉಳಿಸಬೇಡಿ. ತುದಿಯಲ್ಲಿರುವ ಒಣ ಕಾಯಿ ತೆಗೆಯಲೇಬೇಕು ಅಂತೇನಿಲ್ಲ, ಕೈಗೆ ಸಿಕ್ಕಿದ್ದು ತೆಗೆದರೆ ಅಚ್ಚುಕಟ್ಟು, ಸಿಗದ್ದನ್ನು ಸಣ್ಣ ಹಕ್ಕಿಗಳು ಬೀಜಕ್ಕಾಗಿ ಹುಡುಕಿಕೊಂಡು ಬರುತ್ತವೆ. ಚಳಿ ಶುರುವಾಗುವ ಮುಂಚೆ ಮಾತ್ರ ಸವರಬೇಡಿ, ಆಗ ಬಂದ ಎಳೆ ಚಿಗುರು ಹಿಮಕ್ಕೆ ಸುಡುತ್ತದೆ.

ಎಳೆಯ ಸಸಿಯಲ್ಲಿ ಮೊದಲ ಎರಡು ಮೂರು ವರ್ಷ ರೂಪ ಕೊಡುವ ಕೆಲಸ ಇರುತ್ತದೆ. ಮೂರರಿಂದ ಐದು ಒಳ್ಳೆಯ ಕಾಂಡ ಉಳಿಸಿ, ಉಳಿದದ್ದನ್ನು ನೆಲಮಟ್ಟಕ್ಕೆ ತೆಗೆಯಿರಿ. ಕಾಂಡಗಳು ಬುಡದಲ್ಲಿ ಹತ್ತಿರ ಇದ್ದು ಮೇಲೆ ಹೋದಂತೆ ಹೂದಾನಿಯ ಹಾಗೆ ಬಿರಿದರೆ ಗಾಳಿಯೂ ಆಡುತ್ತದೆ, ತೊಗಟೆಯೂ ಕಾಣುತ್ತದೆ. ಮರ ಎತ್ತರವಾದಂತೆ ಕೆಳಗಿನ ಪಕ್ಕಕೊಂಬೆಗಳನ್ನು ವರ್ಷಕ್ಕೆ ಒಂದೆರಡು ತೆಗೆಯುತ್ತಾ ಹೋಗಿ.

ರೋಗ, ಹುಳು

ಬೂದಿ ರೋಗ ಬಂದರೆ ಎಳೆ ಎಲೆ, ಮೊಗ್ಗಿನ ಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಪುಡಿ ಕಾಣುತ್ತದೆ. ಮೊಗ್ಗು ಅರಳದೆ ಒಣಗುತ್ತದೆ. ಬಿಸಿಲು ಮತ್ತು ಗಾಳಿಗಿಂತ ದೊಡ್ಡ ಔಷಧಿ ಇದಕ್ಕಿಲ್ಲ. ಹತ್ತಿದ ತುದಿಗಳನ್ನು ಕತ್ತರಿಸಿ ಎಸೆಯಿರಿ, ಬುಡದ ಚಿಗುರು ಕೀಳಿ, ಏಕೆಂದರೆ ಬೂದಿ ಮೊದಲು ಕಾಣಿಸುವುದು ಆ ಮೆತ್ತನೆ ಚಿಗುರಿನಲ್ಲೇ. ಎಲೆ ಮೇಲೆ ಕಂದು ಚುಕ್ಕೆ ಬಿದ್ದು ಕಾಲಕ್ಕೆ ಮುಂಚೆ ಎಲೆ ಉದುರುವ ಇನ್ನೊಂದು ರೋಗ ಇದೆ, ಮಳೆ ಹೆಚ್ಚಿದ ವರ್ಷ ಜಾಸ್ತಿ. ನೋಡಲು ಬೇಸರ, ಮರಕ್ಕೆ ಅಪಾಯ ಇಲ್ಲ. ಬಿದ್ದ ಎಲೆ ಗುಡಿಸಿ ದೂರ ಹಾಕಿ, ಸಾಕು.

ಇದಕ್ಕೆ ಹತ್ತುವ ಸಸ್ಯಹೇನು ಹೆಚ್ಚುಕಡಿಮೆ ಇದಕ್ಕೇ ಮೀಸಲಾದ ಜಾತಿ, ಪಕ್ಕದ ಗುಲಾಬಿಗೆ ದಾಟುತ್ತದೆ ಅಂತ ಹೆದರಬೇಕಾಗಿಲ್ಲ. ಪೈಪಿನಿಂದ ಎಲೆಯ ಅಡಿಭಾಗಕ್ಕೆ ರಭಸವಾಗಿ ನೀರು ಹೊಡೆಯಿರಿ, ವಾರಕ್ಕೆ ಎರಡು ಸಲ, ಬೆಳಗಿನ ಹೊತ್ತು. ಎರಡು ಮೂರು ವಾರದಲ್ಲಿ ಗುಲಗಂಜಿ ಹುಳುಗಳು ಬಂದು ಉಳಿದ ಕೆಲಸ ಮಾಡುತ್ತವೆ. ಅವುಗಳ ಮರಿ ಕಪ್ಪಗೆ, ಮುಳ್ಳುಮುಳ್ಳಾಗಿ, ಸಣ್ಣ ಮೊಸಳೆಯ ಹಾಗಿರುತ್ತದೆ. ಶತ್ರು ಅಂದುಕೊಂಡು ಹೊಸಕಿ ಹಾಕಬೇಡಿ.

ಹೆಚ್ಚು ಎಚ್ಚರ ಬೇಕಾದದ್ದು ತೊಗಟೆಯ ಶಲ್ಕ ಕೀಟಕ್ಕೆ. ಏಷ್ಯಾ ಮೂಲದ ಇದು ಅಮೆರಿಕದಲ್ಲಿ ಮೊದಲು ಕಾಣಿಸಿದ್ದು 2004ರಲ್ಲಿ, ಟೆಕ್ಸಾಸ್ ರಾಜ್ಯದ ರಿಚರ್ಡ್‌ಸನ್ ಊರಿನಲ್ಲಿ. ಅಲ್ಲಿಂದ ಬೇರೆ ರಾಜ್ಯಗಳಿಗೂ ಹಬ್ಬಿತು. ಕವಲುಗಳಲ್ಲಿ, ಸವರಿದ ಗಾಯದ ಸುತ್ತ ಬಿಳಿ ಉಣ್ಣೆಯ ಚುಕ್ಕೆಗಳ ಹಾಗೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಒತ್ತಿದರೆ ಗುಲಾಬಿ ರಸ ಬರುತ್ತದೆ, ಗುರುತು ಹಿಡಿಯಲು ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ದಾಳಿಂಬೆಗೂ ಹತ್ತುತ್ತದೆ, ಹಾಗಾಗಿ ಎರಡೂ ಇರುವ ಮನೆಯವರು ಎರಡನ್ನೂ ನೋಡಿ. ಮೆತ್ತನೆ ಬ್ರಷ್, ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ಸೋಪು, ಕೈಗೆ ಸಿಗುವಷ್ಟೂ ಕಾಂಡ ತಿಕ್ಕಿ ತೊಳೆಯಿರಿ. ಎಲೆ ಇಲ್ಲದ ಕಾಲದಲ್ಲಿ ತೋಟಕ್ಕೆಂದೇ ಮಾರುವ ಎಣ್ಣೆಯನ್ನು ಚೀಟಿಯಲ್ಲಿ ಹೇಳಿದ ಪ್ರಮಾಣಕ್ಕೆ ಕಲಸಿ ಹೊಡೆಯಬಹುದು. ಹೊಸ ಸಸಿ ಕೊಳ್ಳುವಾಗ ಕವಲುಗಳನ್ನು ಬಿಡಿಸಿ ನೋಡಿ, ಬಿಳಿ ಕಂಡರೆ ಅಲ್ಲೇ ಬಿಟ್ಟು ಬನ್ನಿ.

ಬುಡಕ್ಕೆ ಸುರಿದರೆ ಗಿಡದ ಮೈಯೊಳಗೆಲ್ಲ ಹರಡುವ ಕೀಟನಾಶಕಗಳಿವೆ. ಅವುಗಳ ಕೆಲಸ ಜೋರು, ಆದರೆ ಆ ವಿಷ ಪರಾಗಕ್ಕೂ ಹೋಗುತ್ತದೆ. ಈ ಮರಕ್ಕೆ ಜೇನ್ನೊಣ ಬರುವುದೇ ಪರಾಗ ತಿನ್ನಲು. ನನ್ನ ಮರದಲ್ಲಿ ಅಂಥದ್ದನ್ನು ನಾನು ಬಳಸುವುದಿಲ್ಲ, ನಿಮಗೂ ಬೇಡ ಅಂತಲೇ ಹೇಳುತ್ತೇನೆ.

ಕುಂಡ, ಕಡ್ಡಿ

ಕುಂಡದಲ್ಲಿ ಬೆಳೆಸುವುದಾದರೆ ಗಿಡ್ಡ ತಳಿ, ಕನಿಷ್ಠ 45 ಸೆಂಟಿಮೀಟರ್ ಅಗಲದ, ತಳದಲ್ಲಿ ತೂತಿರುವ ಕುಂಡ. ನೆಲದ ಮರದ ಹಾಗೆ ಇದು ಬರ ತಡೆಯುವುದಿಲ್ಲ, ಬೇಸಿಗೆಯಲ್ಲಿ ದಿನಾ ನೀರು ಕೇಳುತ್ತದೆ.

ಕಡ್ಡಿಯಿಂದ ಸಸಿ ಮಾಡುವುದು ಸುಲಭ. ಸವರಿದ ಕೊಂಬೆಯಲ್ಲಿ ಪೆನ್ಸಿಲ್ ದಪ್ಪದ, ಒಂದು ಗೇಣು ಉದ್ದದ, ಮೂರು ನಾಲ್ಕು ಗೆಣ್ಣಿರುವ ತುಂಡು ತೆಗೆದು, ಅರ್ಧಕ್ಕಿಂತ ಹೆಚ್ಚು ಭಾಗ ಮರಳು ಬೆರೆಸಿದ ಮಣ್ಣಿನಲ್ಲಿ ಹೂತು ತೇವ ಆರದಂತೆ ನೋಡಿಕೊಳ್ಳಿ. ಬೀಜದಿಂದಲೂ ಬರುತ್ತದೆ, ಬಣ್ಣ ಮಾತ್ರ ತಾಯಿ ಮರದ್ದೇ ಬರುತ್ತದೆ ಅನ್ನುವ ಭರವಸೆ ಇಲ್ಲ.

ಈಗಾಗಲೇ ಕಡಿದು ಹಾಳಾದ ಮರ ಇದ್ದರೆ

ಕಿಟಕಿ ಪಕ್ಕದ ಮರವನ್ನು ಕಿತ್ತು ಹಾಕುವ ಮಾತು ಮನೆಯಲ್ಲಿ ಬಂದಿತ್ತು. ನನಗೆ ಮನಸ್ಸು ಒಪ್ಪಲಿಲ್ಲ. ಎರಡು ದಾರಿ ಇತ್ತು. ಒಂದು, ಪೂರ್ತಿ ನೆಲಮಟ್ಟಕ್ಕೆ ಕಡಿದು ಹೊಸದಾಗಿ ಏಳುವ ಚಿಗುರುಗಳಲ್ಲಿ ಗಟ್ಟಿಮುಟ್ಟಾದ ನಾಲ್ಕೈದನ್ನು ಆರಿಸಿ ಮರ ಕಟ್ಟುವುದು. ಗಂಟುಗಳು ತೀರಾ ಕೆಟ್ಟಿದ್ದರೆ ಇದೇ ಒಳ್ಳೆಯದು. ಇನ್ನೊಂದು, ಗಂಟು ಉಳಿಸಿಕೊಂಡೇ ಪ್ರತಿ ಗಂಟಿನಿಂದ ಹೊರಟ ಚಿಗುರುಗಳಲ್ಲಿ ಹೊರಮುಖವಾದ, ಬಲವಾದ ಒಂದೆರಡನ್ನು ಬಿಟ್ಟು ಉಳಿದೆಲ್ಲ ತೆಗೆಯುವುದು, ಮರುವರ್ಷವೂ ಅದನ್ನೇ ಮಾಡುವುದು.

ನಾವು ಎರಡನೆಯದನ್ನು ಹಿಡಿದೆವು. ಗೋಡೆ ಕಡೆಗೆ ವಾಲಿದ್ದ ಎರಡು ಕಾಂಡಗಳನ್ನು ಬುಡದಿಂದಲೇ ತೆಗೆದೆವು. ಉಳಿದ ಮೂರು ಕಾಂಡಗಳಿಗೆ ತುದಿ ಕಡಿಯುವುದನ್ನು ನಿಲ್ಲಿಸಿ, ಅದರ ಬದಲು ಕಿಟಕಿಯ ಮಟ್ಟದಲ್ಲಿದ್ದ ಪಕ್ಕಕೊಂಬೆಗಳನ್ನು ವರ್ಷಕ್ಕೆ ಎರಡು ಮೂರರಂತೆ ತೆಗೆದೆವು. ಮೂರನೇ ವರ್ಷದ ಹೊತ್ತಿಗೆ ಹಸಿರೆಲ್ಲ ಕಿಟಕಿಗಿಂತ ಮೇಲೆ ಹೋಯಿತು. ಒಳಗೆ ಕೂತರೆ ಈಗ ಮೂರು ನಯವಾದ ಕಾಂಡಗಳು ಕಾಣುತ್ತವೆ, ನಡುವೆ ಬೆಳಕು ಬರುತ್ತದೆ. ಹಳೆಯ ಗಂಟುಗಳು ಪೂರ್ತಿ ಮುಚ್ಚಿಲ್ಲ, ಹುಡುಕಿದರೆ ಸಿಗುತ್ತವೆ. ಕಳೆದ ಸಲ ಹೂವಿನ ಕಾಲದಲ್ಲಿ ಎರಡು ದಿನ ಬಿಡದೆ ಮಳೆ ಹಿಡಿದಾಗ ಕೊಂಬೆಗಳು ಬಾಗಿದವು, ಮೂರನೇ ದಿನ ನೀರು ಸುರಿದುಹೋದ ಮೇಲೆ ಮತ್ತೆ ಎದ್ದು ನಿಂತವು.